ಮೀಟರಿನ ಬಿಲ್ಲಿನಲ್ಲಿದ್ದ ಹೆಸರು

2022ರ ಬೇಸಿಗೆಯಲ್ಲಿ ಬೆಂಗಳೂರಿನ ವಿಜಯನಗರದಲ್ಲಿದ್ದ ಬಾಡಿಗೆ ಮನೆಯನ್ನು ನಾವು ಬಿಡಬೇಕಾಗಿ ಬಂತು. ಊರಿನ ಜಮೀನಿನ ಪಾಲಾಗಿ ನನ್ನ ಕೈಸೇರಿದ್ದ 14 ಲಕ್ಷ ರೂಪಾಯಿಯಲ್ಲಿ ಒಂದು ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಳ್ಳೋಣವೆಂದು ನಾನೂ ನಮ್ಮ ಯಜಮಾನರೂ ತೀರ್ಮಾನಿಸಿದೆವು. ಬೆಂಗಳೂರಿನಲ್ಲಿ ಲೀಸ್ ಎಂದೇ ಹೆಸರಾದ ಈ ಪದ್ಧತಿಯಲ್ಲಿ ದೊಡ್ಡ ಮೊತ್ತವನ್ನು ಒಂದೇ ಸಲ ಕೊಟ್ಟರೆ ಎರಡು ಮೂರು ವರ್ಷ ತಿಂಗಳ ಬಾಡಿಗೆಯ ಚಿಂತೆಯಿಲ್ಲ, ಅವಧಿ ಮುಗಿದ ಮೇಲೆ ಕೊಟ್ಟ ಹಣ ಪೂರ್ತಿ ಹಿಂದಿರುಗುತ್ತದೆ. ಹಿಂದಿರುಗಬೇಕಾದರೆ ಮಾತ್ರ ಅದು ಮೊದಲಿಗೆ ಸೇರಬೇಕಾದವರ ಕೈಯನ್ನೇ ಸೇರಿರಬೇಕು.

ನಾವು ಮೊದಲು ಹೋದ ಏಜೆಂಟರ ಕಚೇರಿಯ ಗೋಡೆಯ ಮೇಲೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಅದನ್ನು ನೋಡಿದಾಗ ನಮಗೆ ಅರ್ಧ ಧೈರ್ಯ ಬಂದಿತ್ತು. 2016ರ ಆ ಕಾಯ್ದೆಯಡಿ ಏಜೆಂಟರು ನೋಂದಾಯಿಸಿಕೊಳ್ಳಬೇಕಾದದ್ದು ನೋಂದಾಯಿತ ಯೋಜನೆಗಳಲ್ಲಿನ ನಿವೇಶನ ಮತ್ತು ಫ್ಲಾಟುಗಳ ಮಾರಾಟ ಮಾಡಿಸುವುದಕ್ಕೆ, ಬಾಡಿಗೆ ಅಥವಾ ಭೋಗ್ಯದ ವ್ಯವಹಾರಕ್ಕೆ ಆ ಪತ್ರ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಅವರು ನಾಗರಬಾವಿಯಲ್ಲಿ ಎರಡು ಕೋಣೆಗಳ ಮನೆಯೊಂದನ್ನು ತೋರಿಸಿದರು. ಒಳ್ಳೆಯ ಗಾಳಿ, ಬೆಳಕು, ಕಾವೇರಿ ನೀರು, ಮೂರು ವರ್ಷಕ್ಕೆ 14 ಲಕ್ಷ. ಮಾಲೀಕರು ದುಬೈಯಲ್ಲಿದ್ದಾರೆ, ಅವರ ಪರವಾಗಿ ನಮ್ಮ ಕಂಪನಿಯೇ ಕರಾರು ಮಾಡಿಕೊಡುತ್ತದೆ, ಛಾಪಾ ಕಾಗದಕ್ಕೆ ನೋಟರಿ ಮಾಡಿಸಿದರೆ ಸಾಕು ಎಂದರು. ‘ಮೇಡಂ, ಮಧ್ಯಾಹ್ನ ಇನ್ನೊಂದು ಪಾರ್ಟಿ ಬರ್ತಿದೆ, ಈಗಲೇ 50,000 ಟೋಕನ್ ಕೊಟ್ಟರೆ ಮನೆ ನಿಮಗೇ’ ಎಂದು ಅವಸರಪಡಿಸಿದರು. ನಮ್ಮ ಯಜಮಾನರು ಚೆಕ್ ಪುಸ್ತಕವನ್ನು ಹೊರಕ್ಕೆ ತೆಗೆದೂ ಆಗಿತ್ತು.

ಕೆಳಗಿಳಿಯುವಾಗ ಮೀಟರ್ ಪೆಟ್ಟಿಗೆಗೆ ಸಿಕ್ಕಿಸಿದ್ದ ಬೆಸ್ಕಾಂ ಬಿಲ್ಲು ನನ್ನ ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದು ಒಬ್ಬ ಹೆಂಗಸಿನ ಹೆಸರು, ಏಜೆಂಟರು ಹೇಳಿದ್ದು ಒಬ್ಬ ಗಂಡಸಿನ ಹೆಸರು. ಹಳೆಯ ಮಾಲೀಕರ ಹೆಸರು ಬಿಲ್ಲಿನಲ್ಲಿ ಹಾಗೆಯೇ ಉಳಿದುಕೊಂಡಿರುವುದು ಅಪರೂಪವೇನಲ್ಲವಾದ್ದರಿಂದ ಅದೊಂದರಿಂದಲೇ ಸಂಶಯ ಪಡುವಂತಿರಲಿಲ್ಲ. ಆದರೂ ಬ್ಯಾಂಕಿನಿಂದ ಹಣ ವರ್ಗಾಯಿಸಿ ಸಂಜೆ ಬರುತ್ತೇವೆಂದು ಹೇಳಿ ಹೊರಟೆವು. ಗೇಟಿನ ಬಳಿ ತುಂಬು ಬಸುರಿ ಹೆಂಡತಿಯ ಕೈಹಿಡಿದುಕೊಂಡು ಒಬ್ಬ ಯುವಕ ಒಳಗೆ ಬರುತ್ತಿದ್ದರು.

ಎದುರಿನ ಹಿಟ್ಟಿನ ಗಿರಣಿಯಲ್ಲಿ ಬಿಲ್ಲಿನಲ್ಲಿದ್ದ ಹೆಸರನ್ನು ವಿಚಾರಿಸಿದೆವು. ಆ ತಾಯಿ ಎರಡು ಅಡ್ಡರಸ್ತೆಗಳ ಆಚೆ ಮಗನೊಂದಿಗೆ ವಾಸವಾಗಿದ್ದಾರೆಂದು ತಿಳಿಯಿತು. ಅವರ ಮನೆಗೆ ಹೋಗಿ ಭೋಗ್ಯದ ಮಾತೆತ್ತಿದಾಗ ಅವರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಕಂಪನಿಯ ನೌಕರರ ವಾಸಕ್ಕೆಂದು ನಂಬಿಸಿ, 2 ಲಕ್ಷ ಮುಂಗಡ ಮತ್ತು ತಿಂಗಳಿಗೆ 22,000 ರೂಪಾಯಿ ಬಾಡಿಗೆ ಒಪ್ಪಿಕೊಂಡು ಏಜೆಂಟರು ಅವರಿಂದ ಮನೆ ಪಡೆದಿದ್ದರು. ಮರುಬಾಡಿಗೆಗೆ ಕೊಡಬಹುದೆಂಬ ಒಂದು ಸಾಲು ಆ ಇಂಗ್ಲಿಷ್ ಕರಾರಿನಲ್ಲಿ ಅಡಗಿತ್ತು. ಅವರ ಮಗ ಅಲ್ಲೇ ಕುಳಿತು ಲೆಕ್ಕ ಹಾಕಿದರು: ನಮ್ಮಿಂದ 14 ಲಕ್ಷ ಪಡೆದು, ಆರು ತಿಂಗಳು ಬಾಡಿಗೆ ಕಟ್ಟಿ ಕಚೇರಿ ಮುಚ್ಚಿಕೊಂಡು ಹೋದರೆ, ಮುಂಗಡವೂ ಸೇರಿ ಏಜೆಂಟರಿಗೆ ಆಗುವ ಖರ್ಚು 3,32,000. ಉಳಿದ ಹತ್ತು ಲಕ್ಷಕ್ಕೂ ಮೇಲಿನ ಹಣದೊಂದಿಗೆ ಅವರು ಕಣ್ಮರೆಯಾಗುತ್ತಿದ್ದರು. ಬಾಡಿಗೆ ಬರದ ಮಾಲೀಕರೂ ಹಣ ಕಳೆದುಕೊಂಡ ನಾವೂ ಒಂದೇ ಬಾಗಿಲಿನ ಎರಡು ಕಡೆ ನಿಂತು ಜಗಳವಾಡಬೇಕಾಗುತ್ತಿತ್ತು.

ಎರಡು ವಾರ ಮನೆ ಹುಡುಕುವ ಮನಸ್ಸೇ ಇರಲಿಲ್ಲ. ನಂತರ ಸಹೋದ್ಯೋಗಿಯೊಬ್ಬರು ಪರಿಚಯಿಸಿದ ಮಹಿಳಾ ಏಜೆಂಟರು ಮೂಡಲಪಾಳ್ಯದ ಒಂದು ಮನೆಯ ವಿಷಯ ಹೇಳಿದರು. ‘ಮೊದಲು ಮಾಲೀಕರ ಹತ್ತಿರ ಹೋಗಿ ಕೂತು ಮಾತಾಡೋಣ, ಮನೆ ಆಮೇಲೆ ನೋಡಿದರಾಯ್ತು’ ಎಂದರು. ಮಾಲೀಕರಿಂದ ಕ್ರಯಪತ್ರದ ನಕಲು ಕೇಳಿ ಪಡೆದು, ತಾವೇ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಿ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿದರು. ಮನೆ ಬ್ಯಾಂಕಿಗೆ ಅಡಮಾನವಾಗಿರುವುದು ಅದರಲ್ಲಿ ದಾಖಲಾಗಿತ್ತು. ಕಂತು ನಿಂತರೆ ಬ್ಯಾಂಕುಗಳ ಸಾಲ ವಸೂಲಿಗೆಂದಿರುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಬಹುದು, ಅದರ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಬಂದವರ ಹಕ್ಕು ಆಗ ನಿಲ್ಲುವುದು ಕಷ್ಟ ಎಂದು ವಿವರಿಸಿದರು. ಭೋಗ್ಯದ ಅಡಮಾನ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದಕ್ಕೆ ಒಪ್ಪದವರ ಮನೆ ಬೇಡ ಎಂದೂ ಹೇಳಿದರು. ‘ಈ ಮನೆ ನಿಮಗೆ ಬೇಡಮ್ಮ’ ಎಂದು ಕಡತ ಮುಚ್ಚಿದಾಗ ಆ ವ್ಯವಹಾರದಿಂದ ತಮಗೆ ಬರಬೇಕಿದ್ದ ಕಮಿಷನ್ನನ್ನೂ ಅವರು ಬಿಟ್ಟುಕೊಟ್ಟಿದ್ದರು. ನಾನು ಅವರನ್ನು ನಂಬಿದ್ದು ಆ ಕ್ಷಣದಲ್ಲಿ.

ಕೊನೆಗೆ ಭೋಗ್ಯದ ಯೋಚನೆಯನ್ನೇ ಬಿಟ್ಟು, ಅವರ ಮೂಲಕವೇ ಚಂದ್ರಾ ಲೇಔಟಿನಲ್ಲಿ 18,000 ರೂಪಾಯಿ ಬಾಡಿಗೆಗೆ ಮನೆ ಹಿಡಿದೆವು. ಮುಂಗಡವನ್ನು ನೇರವಾಗಿ ಮಾಲೀಕರ ಖಾತೆಗೆ ಹಾಕಿಸಿದರು. ತಮ್ಮ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ನನ್ನು ಬೀಗದ ಕೈ ನಮ್ಮ ಕೈಗೆ ಬಂದ ಮೇಲೆಯೇ, ರಸೀದಿ ಕೊಟ್ಟು ಪಡೆದರು.

ನಾಗರಬಾವಿಯ ಆ ತಾಯಿ ಅಂದು ಸಂಜೆಯೇ ವಕೀಲರನ್ನು ಕಂಡು ಕರಾರು ರದ್ದುಮಾಡಲು ನೋಟಿಸು ಕಳಿಸಿದರೆಂದು ಅವರ ಮಗ ಫೋನಿನಲ್ಲಿ ತಿಳಿಸಿದರು. ಆದ್ದರಿಂದ ಆ ಮನೆಯ ಮಟ್ಟಿಗೆ ಯಾರೂ ಮೋಸಹೋಗಿರಲಾರರು. ಆದರೆ ಏಜೆಂಟರ ಕೈಯಲ್ಲಿದ್ದ ಬೀಗದ ಕೈಗಳ ಗೊಂಚಲು ದೊಡ್ಡದಿತ್ತು. ಗೇಟಿನ ಬಳಿ ಕಂಡ ಆ ದಂಪತಿಯನ್ನು ನಿಲ್ಲಿಸಿ, ಬಿಲ್ಲಿನಲ್ಲಿರುವ ಹೆಸರನ್ನು ಒಮ್ಮೆ ನೋಡಿ ಎಂದಷ್ಟೇ ಹೇಳಬಹುದಿತ್ತು. ನಾನು ಹೇಳಲಿಲ್ಲ. ಅವರಿಗೆ ಅಂದು ಮಧ್ಯಾಹ್ನ ಇನ್ನಾವ ಮನೆ ತೋರಿಸಿದರೋ ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ.