ಮರದ ಆರ್ಗನ್, ಏಳನೇ ತಿಂಗಳು: ಗಾಳಿ ಹದಕ್ಕೆ ಬಂತು

ನಾನು ಕಟ್ಟುತ್ತಿರುವ ಆರ್ಗನ್ನಿನಲ್ಲಿ, ಅಂದರೆ ತಿದಿಯ ಗಾಳಿಯಿಂದ ಕೊಳವೆಗಳನ್ನು ನುಡಿಸುವ ಕೀಲಿಗಳುಳ್ಳ ವಾದ್ಯದಲ್ಲಿ, ಕೊನೆಗೂ ಒಂದು ಕೊಳವೆ ನಡುಗದೆ ನುಡಿಯಿತು. ಪಿಯಾನೋದ ನಡುವಿನ ಸಿ ಸ್ವರ, ಸೆಕೆಂಡಿಗೆ ಸುಮಾರು 262 ಕಂಪನ. ಒಂದು ಸ್ಥಾಯಿಗೆ ಬೇಕಾದ 13 ಕೊಳವೆಗಳಲ್ಲಿ 5 ಸಿದ್ಧವಾಗಿವೆ. ಆದರೆ ಈ ತಿಂಗಳ ಬೆವರೆಲ್ಲ ಹರಿದದ್ದು ತಿದಿಗೆ.

ಮೊದಲು ಒಂದೇ ತಿದಿಯಿಂದ ನೇರವಾಗಿ ಗಾಳಿ ಕೊಡುತ್ತಿದ್ದೆ. ಒತ್ತಿದಾಗ ಸ್ವರ ಏರುತ್ತಿತ್ತು, ಕೈ ಹಿಂದೆ ಬಂದಾಗ ಸೊರಗುತ್ತಿತ್ತು. ಕೊಳಲು ನುಡಿಸುವವರು ಉಸಿರನ್ನು ತುಟಿಯಲ್ಲೇ ತಿದ್ದಿಕೊಳ್ಳುತ್ತಾರೆ. ಆರ್ಗನ್ ಕೊಳವೆಗೆ ಆ ವಿದ್ಯೆಯಿಲ್ಲ. ಬುಡದಿಂದ ಬಂದ ಗಾಳಿ ಕಿರಿದಾದ ಸೀಳಿನಿಂದ ಹಾಳೆಯಂತೆ ಹೊರಟು ಮೇಲ್ತುಟಿಯ ಅಂಚಿಗೆ ಬಡಿಯುತ್ತದೆ, ಒಳಗಿನ ಗಾಳಿಯ ಕಂಬ ಕಂಪಿಸುತ್ತದೆ. ಗಾಳಿ ತಡವರಿಸಿದರೆ ಸ್ವರವೂ ತಡವರಿಸುತ್ತದೆ.

ಈ ತೊಡಕನ್ನು ಮೊದಲು ಬಿಡಿಸಿದವನು ಕ್ರಿ.ಪೂ. 3ನೇ ಶತಮಾನದ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್, ಒಬ್ಬ ಕ್ಷೌರಿಕನ ಮಗ. ಅಪ್ಪನ ಅಂಗಡಿಯ ಕನ್ನಡಿಯನ್ನು ಏರಿಸಿ ಇಳಿಸಲು ಅವನು ಕೊಳವೆಯೊಳಗೆ ಸೀಸದ ತೂಕ ಇಳಿಬಿಟ್ಟನಂತೆ. ಅದು ಇಳಿಯುವಾಗ ಒತ್ತಿಕೊಂಡ ಗಾಳಿ ಸದ್ದು ಮಾಡಿತು ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಕ್ಟೆಸಿಬಿಯಸ್‌ನ ಜಲ ಆರ್ಗನ್ನಿನಲ್ಲಿ ನೀರು ನುಡಿಯುವುದಿಲ್ಲ. ನೀರಿನಲ್ಲಿ ಬೋರಲು ಹಾಕಿದ ಪಾತ್ರೆಯೊಳಕ್ಕೆ ಪಂಪು ಗಾಳಿ ತುಂಬುತ್ತದೆ. ಹೊರಗೆ ತಳ್ಳಲ್ಪಟ್ಟ ನೀರು ತನ್ನ ಭಾರದಿಂದ ಆ ಗಾಳಿಯನ್ನು ಒಂದೇ ಸಮನೆ ಒತ್ತುತ್ತದೆ. ಆರ್ಗನ್ನಿನ ಜೀವಾಳ ಇಲ್ಲೇ ಇದೆ ಎಂದು ನನಗೆ ಈಗ ಮನವರಿಕೆಯಾಗಿದೆ. ತೂಕವನ್ನು ಮರೆತು ಬರೀ ತಿದಿ ಒತ್ತುತ್ತಾ ನಾನು ತಿಂಗಳುಗಟ್ಟಲೆ ಕಳೆದೆ.

ಆಮೇಲೆ ನೀರಿನ ಜಾಗಕ್ಕೆ ತಿದಿ ಬಂತು. ಜರ್ಮನಿಯ ಹಾಲ್ಬರ್‌ಸ್ಟಾಟ್‌ನಲ್ಲಿ 1361ರಲ್ಲಿ ಮುಗಿದ ಆರ್ಗನ್ನಿಗೆ 20 ತಿದಿಗಳಿದ್ದವು, ಅವನ್ನು ತುಳಿಯಲು 10 ಆಳುಗಳು ಬೇಕಿತ್ತು.

ನನ್ನದಕ್ಕೆ ಎರಡು ಸಾಕು. ಕೆಳಗಿನದು ಗಾಳಿ ತುಂಬುತ್ತದೆ, ಮೇಲಿನದು ಕೂಡಿಟ್ಟುಕೊಳ್ಳುತ್ತದೆ. ನಡುವೆ ಚರ್ಮದ ಕವಾಟ. ಮೇಲಿನ ಹಲಗೆ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ. 60 ಮಿ.ಮೀ. ಎತ್ತರದ ನೀರು ಒತ್ತುವಷ್ಟು ಒತ್ತಡಕ್ಕೆ ಹಲಗೆಯೂ ಸೇರಿ 14.4 ಕಿಲೋ ಭಾರ ಬೇಕೆಂದು ಲೆಕ್ಕ ಹೇಳಿತು. ನಾಲ್ಕು ಇಟ್ಟಿಗೆ ಹೇರಿದೆ. ಶಾಯಿ ಬೆರೆಸಿದ ನೀರಿರುವ ಯು ಆಕಾರದ ಕೊಳವೆಯನ್ನು, ಆರ್ಗನ್ ಕೊಳವೆಗಳಿಗೆ ಗಾಳಿ ಹಂಚುವ ಗಾಳಿಪೆಟ್ಟಿಗೆಗೆ ಜೋಡಿಸಿದರೆ ಎರಡು ಮಟ್ಟಗಳ ಅಂತರ 58 ಮಿ.ಮೀ. ತೋರಿಸಿತು, ಅಲ್ಲೇ ನಿಂತಿತು. ಅಕ್ಕನ ಮಗಳು ಒತ್ತುತ್ತಿದ್ದಳು. "ಮಾವ, ನಾನು ಕೈ ಬಿಟ್ಟೆ, ಆದರೂ ನುಡಿಯುತ್ತಿದೆ!" ಎಂದು ಕೂಗಿದಳು. ಇಟ್ಟಿಗೆಗಳು ಮೆಲ್ಲಗೆ ಇಳಿಯುತ್ತಿದ್ದವು, ಸ್ವರ ಮಾತ್ರ ಕದಲಲಿಲ್ಲ.

ಮೇಲ್ತುದಿಯನ್ನು ಬಿರಡೆಯಿಂದ ಮುಚ್ಚಿದ ಕೊಳವೆಗಳನ್ನೇ ಆರಿಸಿಕೊಂಡಿದ್ದೇನೆ. ತೆರೆದ ಕೊಳವೆಯಾದರೆ ನಡುವಿನ ಸಿ ಸ್ವರಕ್ಕೆ ಲೆಕ್ಕದಲ್ಲಿ ಸುಮಾರು 66 ಸೆಂ.ಮೀ. ಬೇಕು, ಮುಚ್ಚಿದರೆ ಅದರ ಅರ್ಧ. ಬಾಯಿಯ, ಅಂದರೆ ಸೀಳಿಗೂ ಮೇಲ್ತುಟಿಗೂ ನಡುವಿನ ತೆರಪಿನ, ಪ್ರಭಾವದಿಂದ ಬಿರಡೆ 30 ಸೆಂ.ಮೀ. ಹತ್ತಿರ ನಿಂತಿತು. ಬುಡಾಪೆಸ್ಟ್‌ನ ಅಕ್ವಿಂಕಮ್‌ನಲ್ಲಿ 1931ರಲ್ಲಿ ಸಿಕ್ಕ ರೋಮನ್ ಆರ್ಗನ್ ಕ್ರಿ.ಶ. 228ರದು. ಅದರಲ್ಲಿ ಸಾಲಿಗೆ 13ರಂತೆ ನಾಲ್ಕು ಸಾಲು, ಒಟ್ಟು 52 ಕೊಳವೆಗಳು. ನನ್ನದು ಅದರ ಒಂದು ಸಾಲು ಎಂದುಕೊಂಡಾಗ ಕೈಗೆ ಹುರುಪು ಬರುತ್ತದೆ.

ಬಾಯಿ ಕೊರೆಯುವ ಕೆಲಸ ಮಾತ್ರ ಉಸಿರು ಬಿಗಿಹಿಡಿಸುತ್ತದೆ. ಮೇಲ್ತುಟಿ ತೀರ ಕೆಳಗಿದ್ದರೆ ಕೊಳವೆ ತನ್ನ ಮೂಲ ಸ್ವರ ಬಿಟ್ಟು ಒಂದು ಸ್ಥಾಯಿ ಮತ್ತು ಪಂಚಮದಷ್ಟು ಮೇಲಕ್ಕೆ ಜಿಗಿದು ಕಿರುಚುತ್ತದೆ. ಹೆಚ್ಚು ಕೆತ್ತಿದರೆ ಸದ್ದು ಮಂಕಾಗುತ್ತದೆ, ಕೆತ್ತಿದ ಮರ ಮರಳಿ ಬರುವುದಿಲ್ಲ. ಆದ್ದರಿಂದ ಉಳಿಯಿಂದ ಕೂದಲೆಳೆಯಷ್ಟು ತೆಗೆದು, ನುಡಿಸಿ ಕೇಳಿ, ಮತ್ತೆ ತೆಗೆಯುತ್ತೇನೆ. ಮೂರನೆಯ ಕೊಳವೆಗೆ ಹೀಗೆ ಎರಡು ಸಂಜೆ ಹಿಡಿಯಿತು.

ಬೆಳಿಗ್ಗೆ 20 ಡಿಗ್ರಿಯಲ್ಲಿ ಶ್ರುತಿ ಮಾಡಿದ ಐದೂ ಮಧ್ಯಾಹ್ನ 30 ಡಿಗ್ರಿಗೆ ಅರ್ಧಸ್ವರದ ಮೂರನೇ ಒಂದು ಭಾಗದಷ್ಟು ಏರಿದ್ದವು. ಐದೂ ಒಟ್ಟಿಗೆ ಏರಿದ್ದರಿಂದ ಅವುಗಳ ಹೊಂದಿಕೆ ಕೆಟ್ಟಿರಲಿಲ್ಲ. ಬಿರಡೆಗಳನ್ನು ಮುಟ್ಟದೆ ಬಿಟ್ಟೆ. ಎರಡನೇ ಕೀಲಿಯ ಕವಾಟದ ಚರ್ಮ ಸುಕ್ಕುಗಟ್ಟಿ ಗಾಳಿ ಸೋರುತ್ತಿದೆ, ಬೆರಳೆತ್ತಿದರೂ ಸ್ವರ ಸಣ್ಣಗೆ ಉಳಿಯುತ್ತದೆ. ಭಾನುವಾರ ಅದನ್ನು ಬಿಚ್ಚಬೇಕು.