ನಿಯಮಗಳು ಸಡಿಲವಾದ ಮೇಲೆ ಅಲಾಸ್ಕಾ ಕ್ರೂಸ್: ಹೊರಡುವವರಿಗೆ ಕೆಲವು ಮಾತು

ಕೆನಡಾದ ವ್ಯಾಂಕೂವರ್‌ನಿಂದ ಹೊರಟು ಜೂನೋ, ಸ್ಕ್ಯಾಗ್ವೇ, ಗ್ಲೇಸಿಯರ್ ಬೇ, ಕೆಚಿಕನ್‌ಗಳನ್ನು ನೋಡಿಕೊಂಡು ಮತ್ತೆ ವ್ಯಾಂಕೂವರ್‌ಗೇ ಮರಳುವ ಒಂದು ವಾರದ ಕ್ರೂಸ್‌ಗೆ ನಾವು ಹೋದದ್ದು 2023ರ ಬೇಸಿಗೆಯಲ್ಲಿ, ಕೊರೋನಾ ಕಾಲದ ಪ್ರಯಾಣ ನಿಯಮಗಳೆಲ್ಲ ಹೆಚ್ಚುಕಡಿಮೆ ತೆರವಾದ ಮೇಲೆ. ವಯಸ್ಸಾದ ಅತ್ತೆ ಮಾವ ಜೊತೆಗಿದ್ದುದರಿಂದ ಸಿದ್ಧತೆಯಲ್ಲಿ ಸ್ವಲ್ಪ ಹೆಚ್ಚೇ ಎಚ್ಚರ ವಹಿಸಿದ್ದೆವು. ಇದೇ ದಾರಿಯಲ್ಲಿ ಹೊರಡಲು ಯೋಚಿಸುತ್ತಿರುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಷ್ಟು: ನಿಯಮ ಹೋಯಿತೆಂದರೆ ಅಪಾಯವೂ ಹೋಯಿತೆಂದಲ್ಲ, ಅದರ ಹೊಣೆ ಸರ್ಕಾರ ಮತ್ತು ಹಡಗು ಕಂಪನಿಯ ಕೈಯಿಂದ ಪ್ರಯಾಣಿಕರ ಕೈಗೆ ಬಂದಿದೆ. ಆ ಹೊಣೆಯನ್ನು ಹೊರಡುವ ಮೊದಲೇ ಲೆಕ್ಕ ಹಾಕಿಕೊಂಡವರಿಗೆ ಈ ಪ್ರಯಾಣ ನಿಜಕ್ಕೂ ನೆಮ್ಮದಿಯದ್ದು.

ಹಡಗುಗಳ ಮೇಲೆ ಅಷ್ಟೊಂದು ಬಿಗಿ ನಿಯಮ ಏಕೆ ಬಂದಿತ್ತು ಎಂಬುದು ನೆನಪಿದ್ದರೆ ಈಗಿನ ಸಡಿಲಿಕೆಯ ಅರ್ಥವೂ ತಿಳಿಯುತ್ತದೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿಯಲಾದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿದ್ದ 3,711 ಮಂದಿಯಲ್ಲಿ 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ಅದೇ ವರ್ಷದ ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕ್ರೂಸ್ ಹಡಗುಗಳ ಸಂಚಾರವನ್ನೇ ನಿಲ್ಲಿಸಿತು. ಅಕ್ಟೋಬರ್ 30ರಂದು ಅದರ ಜಾಗದಲ್ಲಿ ಷರತ್ತುಬದ್ಧ ಸಂಚಾರದ ಆದೇಶ ಬಂತು. 2022ರ ಜನವರಿ 15ರ ನಂತರ ಆ ಷರತ್ತುಗಳು ಐಚ್ಛಿಕವಾದವು. ಜುಲೈ 18ರಂದು, ಸಿಡಿಸಿ ತನ್ನ ಜಾಲತಾಣದಲ್ಲಿ ಪ್ರತಿ ಹಡಗಿಗೂ ಬಣ್ಣದ ಗುರುತು ಕೊಟ್ಟು ಸೋಂಕಿನ ಸ್ಥಿತಿ ತಿಳಿಸುತ್ತಿದ್ದ ವ್ಯವಸ್ಥೆಯೂ ಕೊನೆಗೊಂಡಿತು. ಈ ಕೊನೆಯ ಬದಲಾವಣೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಲಿಲ್ಲವಾದರೂ ಪ್ರಯಾಣಿಕರ ಮಟ್ಟಿಗೆ ದೊಡ್ಡದೆಂದೇ ನನ್ನ ಭಾವನೆ. ಅಲ್ಲಿಯವರೆಗೆ ಯಾವ ಹಡಗಿನಲ್ಲಿ ಸೋಂಕು ಎಷ್ಟಿದೆಯೆಂದು ಮನೆಯಲ್ಲೇ ಕುಳಿತು ನೋಡಬಹುದಿತ್ತು. ಈಗ ಆ ಮಾಹಿತಿಯನ್ನು ನಾವೇ ಕಂಪನಿಯನ್ನು ಕೇಳಿ ಪಡೆಯಬೇಕು.

ಅಲಾಸ್ಕಾದ ದಾರಿಗೆ ಇನ್ನೊಂದು ತೊಡಕಿತ್ತು. ವಿದೇಶಿ ಧ್ವಜದ ಹಡಗುಗಳು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ನೇರವಾಗಿ ಪ್ರಯಾಣಿಕರನ್ನು ಒಯ್ಯುವುದನ್ನು 1886ರ ಕಾನೂನೊಂದು ತಡೆಯುತ್ತದೆಯಾದ್ದರಿಂದ, ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ದೊಡ್ಡ ಹಡಗುಗಳು ನಡುವೆ ಕೆನಡಾದ ಬಂದರೊಂದಕ್ಕೆ ಹೋಗಲೇಬೇಕು. ಕೆನಡಾ ತನ್ನ ಬಂದರುಗಳನ್ನು ಮುಚ್ಚಿದ್ದರಿಂದ ಅಮೆರಿಕ ಬಾಗಿಲು ತೆರೆದರೂ ಹಡಗು ಹೊರಡುವಂತಿರಲಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಯ ಕಾನೂನನ್ನೇ ಮಾಡಬೇಕಾಯಿತು. ಎರಡು ದೇಶಗಳನ್ನು ಮುಟ್ಟುವ ಕ್ರೂಸ್‌ನಲ್ಲಿ ಯಾವತ್ತೂ ಬಿಗಿಯಾದ ನಿಯಮದ್ದೇ ಮೇಲುಗೈ. ಸಡಿಲಿಕೆಯ ಸುದ್ದಿ ಓದುವಾಗ ಹಡಗು ಹೊರಡುವ ದೇಶ, ಮುಟ್ಟುವ ದೇಶ, ನೀವು ವಿಮಾನ ಬದಲಿಸುವ ದೇಶ, ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಿ. 2022ರ ಬೇಸಿಗೆಯಲ್ಲಿ ಹೋದವರು ಕೆನಡಾಕ್ಕಾಗಿ ಲಸಿಕೆಯ ದಾಖಲೆ, ಹಡಗೇರುವ ಮುನ್ನ ಪರೀಕ್ಷೆ, ಅರೈವ್‌ಕ್ಯಾನ್ ಆ್ಯಪ್‌ನಲ್ಲಿ ವಿವರ, ಇವೆಲ್ಲವನ್ನೂ ಹೊಂದಿಸಬೇಕಿತ್ತು. ಕೆನಡಾ ಅವನ್ನು ಕೈಬಿಟ್ಟದ್ದು 2022ರ ಅಕ್ಟೋಬರ್ 1ರಂದು. ಅಷ್ಟಾದರೂ ವಿಮಾನದಲ್ಲಿ ಅಮೆರಿಕಕ್ಕೆ ಬರುವ ವಿದೇಶಿಯರಿಗೆ ಲಸಿಕೆ ಕಡ್ಡಾಯವೆಂಬ ನಿಯಮ 2023ರ ಮೇ 11ರವರೆಗೂ ಉಳಿದಿತ್ತು. ಆ ನಡುವಿನ ತಿಂಗಳುಗಳಲ್ಲಿ ‘ಕ್ರೂಸ್‌ಗೆ ಈಗ ಏನೂ ಬೇಡವಂತೆ’ ಎಂದುಕೊಂಡು ಹೊರಟವರಿಗೆ ವಿಮಾನ ನಿಲ್ದಾಣದಲ್ಲೇ ತೊಂದರೆಯಾಗುವ ಸಂಭವವಿತ್ತು.

ನಮ್ಮ ಸರದಿಗೆ ಇವೆಲ್ಲ ಮುಗಿದಿತ್ತು. ವ್ಯಾಂಕೂವರ್‌ನ ಕೆನಡಾ ಪ್ಲೇಸ್ ಟರ್ಮಿನಲ್‌ನಲ್ಲಿ ಲಸಿಕೆಯ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ. ಅಲ್ಲಿ ಅಮೆರಿಕದ ವಲಸೆ ತಪಾಸಣೆ ಹಡಗೇರುವ ಮೊದಲೇ ನಡೆಯುತ್ತದೆ. ಒಂದೇ ದಿನ ಹಲವು ಹಡಗುಗಳಿದ್ದರೆ ಸಾಲು ಉದ್ದವಾಗುತ್ತದೆ. ಸೋಂಕಿನ ಕಾಲದಲ್ಲಿ ಜನಸಂದಣಿ ತಪ್ಪಿಸಲು ಬಂದ ಕೆಲವು ಪದ್ಧತಿಗಳು ಈಗಲೂ ಉಳಿದಿವೆ, ಮತ್ತು ಉಳಿದದ್ದು ಒಳ್ಳೆಯದೇ ಆಗಿದೆ. ಹಡಗು ಕಂಪನಿಯ ಆ್ಯಪ್‌ನಲ್ಲಿ ಮೊದಲೇ ಭಾವಚಿತ್ರ ಹಾಕಿ ಟರ್ಮಿನಲ್‌ಗೆ ಬರುವ ಹೊತ್ತನ್ನು ಆಯ್ದುಕೊಳ್ಳುವುದು ಒಂದು. ಈ ಆಯ್ಕೆ ತೆರೆದ ದಿನವೇ ಹೊತ್ತನ್ನು ಆಯ್ದುಕೊಂಡರೆ ವಯಸ್ಸಾದವರು ಹೆಚ್ಚು ಹೊತ್ತು ನಿಲ್ಲಬೇಕಾಗುವುದಿಲ್ಲ. ಎಲ್ಲರೂ ಒಮ್ಮೆಲೇ ಲೈಫ್ ಜಾಕೆಟ್ ಹಾಕಿಕೊಂಡು ಡೆಕ್ಕಿನಲ್ಲಿ ಸೇರುತ್ತಿದ್ದ ಸುರಕ್ಷತಾ ಕವಾಯತು ಇನ್ನೊಂದು. ನಮ್ಮ ಹಡಗಿನಲ್ಲಿ ಅದರ ವೀಡಿಯೊವನ್ನು ಕ್ಯಾಬಿನ್‌ನಲ್ಲೇ ನೋಡಿ, ನಮಗೆ ಗೊತ್ತುಪಡಿಸಿದ ಸ್ಥಳಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಸಾಕಾಯಿತು. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆಯೆಂದು ಇದನ್ನು ಹಗುರವಾಗಿ ನೋಡಬೇಡಿ. ಮೆಟ್ಟಿಲು ಎಲ್ಲಿದೆ, ಹಿರಿಯರು ಅಲ್ಲಿಗೆ ನಡೆದು ಬರಬಲ್ಲರೇ ಎಂಬುದನ್ನು ಆಗಲೇ ನೋಡಿಕೊಳ್ಳಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಜೂನೋ ಬಿಟ್ಟ ರಾತ್ರಿ ನಮ್ಮ ಎದುರು ಕ್ಯಾಬಿನ್‌ನ ಹಿರಿಯ ದಂಪತಿಗೆ ಜ್ವರ ಕಾಣಿಸಿಕೊಂಡು, ಹಡಗಿನ ವೈದ್ಯರು ಪರೀಕ್ಷಿಸಿ ಕೊರೋನಾ ಎಂದರು. ಮರುದಿನ ಬೆಳಿಗ್ಗೆ ಬಾಗಿಲಿನ ಮುಂದೆ ಮುಚ್ಚಿದ ಊಟದ ಟ್ರೇ, ಪಕ್ಕದಲ್ಲಿ ಬಳಸಿದ ಬಟ್ಟೆಗಳಿಗೆಂದು ಬಿಗಿದು ಕಟ್ಟಿದ ಚೀಲ. ಸಿಬ್ಬಂದಿ ಕೈಗವಸು, ಮಾಸ್ಕ್ ಹಾಕಿಕೊಂಡು ಬಾಗಿಲು ತಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು, ‘ಇನ್ನೇನಾದರೂ ಬೇಕೇ’ ಎಂದು ಕೇಳುತ್ತಿದ್ದರು. ಆ ದಂಪತಿಯದು ಕಿಟಕಿಯಿಲ್ಲದ ಒಳ ಕ್ಯಾಬಿನ್. ಗ್ಲೇಸಿಯರ್ ಬೇಯಲ್ಲಿ ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಾಗ ನಾವೆಲ್ಲ ಡೆಕ್ಕಿನ ಮೇಲಿದ್ದೆವು, ಅವರು ಒಳಗೇ ಇದ್ದರು. ನೋಡಿ ತುಂಬ ಸಂಕಟವಾಯಿತು. ನಿಯಮ ಸಡಿಲವಾಗಿದೆ ಎಂದರೆ ಹಡಗಿನಲ್ಲಿ ಪ್ರತ್ಯೇಕವಾಸ ಇಲ್ಲ ಎಂದು ಯಾರೂ ಭಾವಿಸಬಾರದು. ದಿನಗಳ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು, ಆದರೆ ಸೋಂಕಿತರನ್ನು ಕ್ಯಾಬಿನ್‌ನಲ್ಲೇ ಇರಲು ಹೇಳುವ ಅಧಿಕಾರ ಹಡಗಿನ ವೈದ್ಯರಿಗೂ ಕಪ್ತಾನರಿಗೂ ಇದ್ದೇ ಇದೆ. ಹೀಗಾಗಿ, ಹಣ ಸ್ವಲ್ಪ ಹೆಚ್ಚಾದರೂ, ವಯಸ್ಸಾದವರಿದ್ದರೆ ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಕಾಯಿಲೆ ಬರದಿದ್ದರೆ ನೋಟಕ್ಕಾಯಿತು, ಬಂದರೆ ಗಾಳಿಗಾಯಿತು.

ಖರ್ಚಿನ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ನಿಯಮಗಳಿದ್ದ ಕಾಲದಲ್ಲಿ ಸೋಂಕಿತರ ಚಿಕಿತ್ಸೆ, ದಡದಲ್ಲಿ ಉಳಿಯುವ ವ್ಯವಸ್ಥೆ, ಕಳೆದುಹೋದ ದಿನಗಳ ಹಣ ಇತ್ಯಾದಿಗಳನ್ನು ಹಲವು ಕಂಪನಿಗಳು ತಾವೇ ಭರಿಸುತ್ತಿದ್ದವು. ಕೊನೆ ಗಳಿಗೆಯಲ್ಲಿ ಪರೀಕ್ಷೆಯಲ್ಲಿ ಸೋಂಕು ಕಂಡರೆ ಹಣವನ್ನೋ ಮುಂದಿನ ಪ್ರಯಾಣದ ಕ್ರೆಡಿಟ್ಟನ್ನೋ ಕೊಡುತ್ತಿದ್ದವು. ನಿಯಮಗಳ ಜೊತೆಗೆ ಆ ಉದಾರತೆಯೂ ಬಹುಪಾಲು ಹಿಂದೆ ಸರಿಯಿತು. ಈಗ ಹಡಗಿನ ವೈದ್ಯರ ಬಿಲ್ಲು ನೇರವಾಗಿ ನಿಮ್ಮ ಹಡಗಿನ ಖಾತೆಗೆ ಬೀಳುತ್ತದೆ, ವಿಮೆಯಿಂದ ಆಮೇಲೆ ವಸೂಲು ಮಾಡಿಕೊಳ್ಳುವುದು ನಿಮ್ಮ ಕೆಲಸ. ಆದ್ದರಿಂದ ಪ್ರಯಾಣ ವಿಮೆ ಕೊಳ್ಳುವಾಗ ‘ಕ್ರೂಸ್ ಒಳಗೊಂಡಿದೆ’ ಎಂಬ ಮಾತು ಪಾಲಿಸಿಯಲ್ಲಿ ಇದೆಯೇ, ಕೊರೋನಾವನ್ನು ಉಳಿದ ಕಾಯಿಲೆಗಳಂತೆಯೇ ಪರಿಗಣಿಸುತ್ತದೆಯೇ, ಕ್ಯಾಬಿನ್‌ನಲ್ಲೇ ಉಳಿಯಬೇಕಾಗಿ ಬಂದ ದಿನಗಳಿಗೆ ಪರಿಹಾರವಿದೆಯೇ, ಹಿರಿಯರಿಗೆ ಮೊದಲಿನಿಂದ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹೊರಗಿಟ್ಟಿದ್ದಾರೆಯೇ ಎಂಬುದನ್ನು ಪೂರ್ತಿ ಓದಿ. ಏಜೆಂಟರು ಬಾಯಲ್ಲಿ ಹೇಳಿದ್ದು ಸಾಲದು, ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಈ ಪ್ರಯಾಣದಲ್ಲಿ ತುರ್ತು ಸಾಗಣೆಯ ವಿಮೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಸ್ಕ್ಯಾಗ್ವೇಯಲ್ಲಿ ಕ್ಲಿನಿಕ್ ಇದೆ, ಆಸ್ಪತ್ರೆಯಿಲ್ಲ. ಗಂಭೀರ ಸ್ಥಿತಿಯಲ್ಲಿರುವವರನ್ನು ವಿಮಾನದಲ್ಲಿ ಬೇರೆಡೆಗೆ ಒಯ್ಯಬೇಕು. ಜೂನೋದಲ್ಲಿ ಆಸ್ಪತ್ರೆಯಿದೆಯಾದರೂ, ರಾಜ್ಯದ ರಾಜಧಾನಿಯಾದ ಆ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಬರಬೇಕಾದರೂ ಹೋಗಬೇಕಾದರೂ ಹಡಗು ಇಲ್ಲವೇ ವಿಮಾನ. ಯಾರನ್ನಾದರೂ ಅಲ್ಲಿ ಇಳಿಸಿ ಹಡಗು ಮುಂದೆ ಹೋದರೆ, ಅವರೂ ಜೊತೆಗಿರುವವರೂ ಹೋಟೆಲು ಹಿಡಿದು, ಗುಣವಾದ ಮೇಲೆ ಬಹುತೇಕ ಸಿಯಾಟಲ್ ಮೂಲಕ ವಿಮಾನದಲ್ಲಿ ಮರಳಬೇಕಾಗುತ್ತದೆ. ವೀಸಾ ಬೇಕಾದ ಪಾಸ್‌ಪೋರ್ಟ್ ಇರುವವರು ಈ ಸಾಧ್ಯತೆಯನ್ನು ಗಮನದಲ್ಲಿಟ್ಟುಕೊಂಡು ಅಮೆರಿಕ, ಕೆನಡಾ ಎರಡರ ವೀಸಾಗಳೂ ಪ್ರಯಾಣ ಮುಗಿದ ಮೇಲೆ ಇನ್ನೂ ಕೆಲವು ವಾರ ಚಾಲ್ತಿಯಲ್ಲಿರುವಂತೆ, ಕೆನಡಾದ್ದು ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವಂತೆ ನೋಡಿಕೊಳ್ಳುವುದು ಕ್ಷೇಮ. ಸ್ಕ್ಯಾಗ್ವೇಯಿಂದ ಗಡಿ ದಾಟಿ ಕೆನಡಾದ ಯೂಕಾನ್ ಕಡೆಗೆ ಹೋಗುವ ಬಸ್ ಪ್ರವಾಸಗಳಿಗೂ ಪಾಸ್‌ಪೋರ್ಟ್ ಬೇಕು. ಅದನ್ನು ಕ್ಯಾಬಿನ್‌ನ ತಿಜೋರಿಯಲ್ಲಿ ಬಿಟ್ಟು ಇಳಿಯಬೇಡಿ.

ಔಷಧಿಯ ವಿಷಯದಲ್ಲಿ ಒಂದು ಮಾತು. ಸೋಂಕು ತೀವ್ರವಾಗುವ ಅಪಾಯವಿರುವವರಿಗೆ ಕೊಡುವ ಪ್ಯಾಕ್ಸ್‌ಲೊವಿಡ್ ಮಾತ್ರೆಯನ್ನು ಲಕ್ಷಣ ಕಂಡ ಐದು ದಿನಗಳೊಳಗೆ ಶುರುಮಾಡಬೇಕು. ಕೊಲೆಸ್ಟರಾಲ್‌ಗೆ ಕೊಡುವ ಕೆಲವು ಸ್ಟ್ಯಾಟಿನ್‌ಗಳ ಜೊತೆಗೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕೆಲವು ಮಾತ್ರೆಗಳ ಜೊತೆಗೂ ಅದು ಹೊಂದುವುದಿಲ್ಲ. ಹೊರಡುವ ಮುನ್ನವೇ ನಿಮ್ಮ ವೈದ್ಯರನ್ನು ಕೇಳಿ, ಹಿರಿಯರು ತೆಗೆದುಕೊಳ್ಳುವ ಎಲ್ಲ ಔಷಧಿಗಳ ಹೆಸರು ಮತ್ತು ಪ್ರಮಾಣವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಾವು ಮಾವನವರ ಹಾಳೆಯನ್ನು ಪಾಸ್‌ಪೋರ್ಟಿನೊಳಗೇ ಮಡಿಸಿಟ್ಟಿದ್ದೆವು. ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆಯ ಕಿಟ್‌ಗಳನ್ನು ತಲೆಗೆರಡರಂತೆ ಒಯ್ಯಿರಿ. ಈಗ ಯಾರೂ ಕೇಳುವುದಿಲ್ಲವಾದ್ದರಿಂದಲೇ ನಮಗೆ ನಾವೇ ಪರೀಕ್ಷಿಸಿಕೊಳ್ಳುವ ಅಗತ್ಯ ಹೆಚ್ಚಾಗಿದೆ. ಲಕ್ಷಣವಿದ್ದೂ ಪ್ರವಾಸ ಹಾಳಾಗುತ್ತದೆಂದು ಮುಚ್ಚಿಟ್ಟುಕೊಂಡು ಊಟದ ಮನೆಗೆ ಬರುವುದು ಪಕ್ಕದ ಮೇಜಿನ ಹಿರಿಯರಿಗೆ ಮಾಡುವ ಅನ್ಯಾಯ. ಲಸಿಕೆಯ ಮುಂದಿನ ಡೋಸು ಬಾಕಿಯಿದ್ದರೆ ಹೊರಡುವುದಕ್ಕೆ ಎರಡು ವಾರ ಮೊದಲೇ ಹಾಕಿಸಿಕೊಳ್ಳಿ.

ಕೊರೋನಾದ ಮಾತಿನಲ್ಲಿ ನೊರೊವೈರಸ್ಸನ್ನು ಮರೆಯುವಂತಿಲ್ಲ. ವಾಂತಿ, ಭೇದಿ ತರುವ ಈ ಸೋಂಕು ಮೊದಲಿನಿಂದಲೂ ಕ್ರೂಸ್‌ಗಳ ದೊಡ್ಡ ತಲೆನೋವು. ಹಡಗುಗಳು ಮತ್ತೆ ತುಂಬಿ, ಊಟವನ್ನು ತಾವೇ ಬಡಿಸಿಕೊಳ್ಳುವ ಪದ್ಧತಿ ಮರಳಿದ ಮೇಲೆ ಇದೂ ಮರಳಿದೆ. 2023ರಲ್ಲಿ ಇಂಥ ಹೊಟ್ಟೆಬೇನೆ ಹಡಗುಗಳಲ್ಲಿ ಹಲವರಿಗೆ ಒಟ್ಟಿಗೆ ಹರಡಿದ 14 ಸಂದರ್ಭಗಳನ್ನು ಸಿಡಿಸಿ ಪ್ರಕಟಿಸಿತು. ಸ್ಯಾನಿಟೈಸರ್ ಇದಕ್ಕೆ ಚೆನ್ನಾಗಿ ಕೆಲಸ ಮಾಡುವುದಿಲ್ಲ, ಸೋಪು ಹಾಕಿ ನೀರಿನಲ್ಲಿ ಕೈ ತೊಳೆಯಬೇಕು. ಹಡಗುಗಳ ನೈರ್ಮಲ್ಯಕ್ಕೆ ಸಿಡಿಸಿ ನೂರರಲ್ಲಿ ಕೊಡುವ ಅಂಕಗಳು ಈಗಲೂ ಸಾರ್ವಜನಿಕವಾಗಿ ಸಿಗುತ್ತವೆ, 85 ಅಥವಾ ಅದಕ್ಕಿಂತ ಕಡಿಮೆಯಾದರೆ ಅನುತ್ತೀರ್ಣ. ಬುಕಿಂಗ್ ಮಾಡುವ ಮೊದಲು ನಿಮ್ಮ ಹಡಗಿನ ಹಳೆಯ ಅಂಕಗಳನ್ನೊಮ್ಮೆ ನೋಡಿ.

ಸಡಿಲಿಕೆಯ ಇನ್ನೊಂದು ಫಲ ಜನಸಂದಣಿ. 2023ರಲ್ಲಿ ಜೂನೋಗೆ 16 ಲಕ್ಷಕ್ಕೂ ಹೆಚ್ಚು ಕ್ರೂಸ್ ಪ್ರಯಾಣಿಕರು ಬಂದರು, ಅದು 2019ರ ಸಂಖ್ಯೆಗಿಂತ ಬಹಳ ಹೆಚ್ಚು. ಮೆಂಡನ್‌ಹಾಲ್ ಹಿಮನದಿಗೆ ಹೋಗುವ ಬಸ್ಸುಗಳು ಬೆಳಿಗ್ಗೆಯೇ ತುಂಬಿರುತ್ತಿದ್ದವು. ನಾವು ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಹಡಗಿನ ರಂಗಮಂದಿರದಲ್ಲಿ ಮಾಸ್ಕ್ ಹಾಕಿಕೊಂಡೆವು. ಹೆಚ್ಚಿನವರು ಹಾಕಿಕೊಂಡಿರಲಿಲ್ಲ, ಆದರೆ ಯಾರೂ ವಿಚಿತ್ರವಾಗಿ ನೋಡಲಿಲ್ಲ. ಊರಿನ ಒತ್ತಡ ತಗ್ಗಿಸಲು ದಿನಕ್ಕೆ ಐದೇ ದೊಡ್ಡ ಹಡಗುಗಳೆಂಬ ಒಪ್ಪಂದ 2024ರಿಂದ ಅಲ್ಲಿ ಜಾರಿಗೆ ಬಂದಿದೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಕ್ಕಂತೂ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶವಿದೆ. ಹಾಗಾಗಿ ನಿಮ್ಮ ಹಡಗು ಅಲ್ಲಿಗೆ ಹೋಗುತ್ತದೆಯೇ ಎಂಬುದನ್ನು ಬುಕಿಂಗ್ ಹೊತ್ತಿಗೇ ಖಚಿತಪಡಿಸಿಕೊಳ್ಳಿ.

ಸಿಯಾಟಲ್‌ನಿಂದ ಹೊರಡುವುದೋ ವ್ಯಾಂಕೂವರ್‌ನಿಂದಲೋ ಎಂದು ಯೋಚಿಸುತ್ತಿರುವವರು ಒಂದು ಅಂಶವನ್ನು ತೂಗಿ ನೋಡಬೇಕು. ಅಮೆರಿಕದ ಬಂದರಿನಿಂದ ಹೊರಡುವ ಪ್ರಯಾಣವನ್ನು ಕಂಪನಿ ರದ್ದು ಮಾಡಿದರೆ ಅಥವಾ ಮೂರು ದಿನ ಇಲ್ಲವೇ ಅದಕ್ಕಿಂತ ಹೆಚ್ಚು ತಡಮಾಡಿದರೆ ಹಣ ವಾಪಸು ಕೇಳುವ ಹಕ್ಕನ್ನು, ಹಡಗು ಸಾರಿಗೆಯನ್ನು ನಿಯಂತ್ರಿಸುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಮ್ಯಾರಿಟೈಮ್ ಕಮಿಷನ್ 2022ರಲ್ಲಿ ಸ್ಪಷ್ಟಪಡಿಸಿದೆ. ಸೋಂಕಿನ ಕಾಲದ ರದ್ದತಿಗಳಿಂದ ಪ್ರಯಾಣಿಕರು ಪಟ್ಟ ಪಾಡಿನ ನಂತರ ಬಂದ ನಿಯಮವಿದು. ವ್ಯಾಂಕೂವರ್‌ನಿಂದ ಹೊರಡುವವರಿಗೆ ಟಿಕೆಟ್ ಒಪ್ಪಂದದಲ್ಲಿ ಬರೆದಿರುವುದೇ ಆಧಾರ. ಹಳೆಯ ರದ್ದತಿಯ ಕ್ರೆಡಿಟ್ ಕೈಯಲ್ಲಿದ್ದವರು ಅದರ ಅವಧಿಯನ್ನು ಈಗಲೇ ನೋಡಿಕೊಳ್ಳಲಿ.

ಮರಳುವ ದಿನ ಬೆಳಿಗ್ಗೆ ಹಡಗಿನಿಂದ ಇಳಿದ ಕೂಡಲೇ ವಿಮಾನ ಹಿಡಿಯುವ ಯೋಜನೆ ಬೇಡ. ಹಡಗಿನ ಕೊನೆಯ ದಿನಗಳಲ್ಲಿ ತಗುಲಿದ ಸೋಂಕು ಇಳಿದ ಮೇಲೆ ಕಾಣಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು, ಮತ್ತು ಆಗ ಹಡಗಿನ ವೈದ್ಯರೂ ಇರುವುದಿಲ್ಲ, ಕ್ಯಾಬಿನ್ನೂ ಇರುವುದಿಲ್ಲ. ವ್ಯಾಂಕೂವರ್‌ನಲ್ಲಿ ಒಂದೆರಡು ದಿನ ಉಳಿಯುವಂತೆ, ದಿನಾಂಕ ಬದಲಿಸಬಹುದಾದ ಟಿಕೆಟ್ ಕೊಳ್ಳಿ. ವಿಮೆಯ ಅವಧಿಯನ್ನು ಕ್ರೂಸ್ ಮುಗಿಯುವ ದಿನಕ್ಕೇ ನಿಲ್ಲಿಸದೆ ಅದರ ಮುಂದಿನ ಹತ್ತು ದಿನಗಳವರೆಗಾದರೂ ತೆಗೆದುಕೊಳ್ಳಿ.