ಮನಾಲಿಯಲ್ಲಿ ಶಾಲು ಕೊಳ್ಳುವ ಮುಂಚೆ ಹಿಂಬದಿ ತಿರುವಿ ನೋಡಿ

ಮನೆಮಂದಿಯಲ್ಲಿ ಇಬ್ಬರು ಸ್ಕೀ (ಹಿಮದ ಮೇಲೆ ಜಾರುವ ಆಟ) ಕಲಿಯಲು ಹತ್ತಿರದ ಸೋಲಂಗ್‌ಗೆ ಹೋದರೆ ಉಳಿದವರ ದಿನ ಮನಾಲಿ ಪೇಟೆಯಲ್ಲೇ ಕಳೆಯುತ್ತದೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯವರಂತೂ ಶಾಲು ಕೊಳ್ಳದೆ ವಾಪಸ್ ಬರುವುದಿಲ್ಲ. ಮೋಸ ಆಗುವುದು ಅಲ್ಲೇ. ಮಗ್ಗದ ಸಪ್ಪಳದಲ್ಲೇ ಬೆಳೆದ ಮಂದಿಯೂ ಅಕ್ರಿಲಿಕ್ ಎಂಬ ಕೃತಕ ನೂಲಿನ ಶಾಲನ್ನು ಪಶ್ಮಿನಾ (ಹಿಮಾಲಯದ ಮೇಕೆಯ ನವಿರು ಉಣ್ಣೆ) ಅಂದುಕೊಂಡು ಮನೆಗೆ ತರುತ್ತಾರೆ.

ಮೋಸ ಶುರುವಾಗುವುದು ಟ್ಯಾಕ್ಸಿಯಿಂದ. ನೀವು ಕೇಳದಿದ್ದರೂ ಚಾಲಕ ದಾರಿಯಲ್ಲಿ ‘ಅಂಗೋರಾ ಫಾರ್ಮ್’ (ಉಣ್ಣೆಗಾಗಿ ಮೊಲ ಸಾಕುವ ಜಾಗ) ಎಂಬ ಬೋರ್ಡಿನ ಮುಂದೆ ಗಾಡಿ ನಿಲ್ಲಿಸುತ್ತಾನೆ. ಹೊರಗೆ ಪಂಜರದಲ್ಲಿ ನಾಲ್ಕು ಮೊಲ, ಒಳಗೆ ದೊಡ್ಡ ಜವಳಿ ಅಂಗಡಿ. ಅಲ್ಲಿಯ ವ್ಯಾಪಾರದಲ್ಲಿ ಚಾಲಕನಿಗೆ ಕಮಿಷನ್ ಇರುತ್ತದೆ, ಅದು ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ಶಾಲು, ರಜಾಯಿ, ಸೀರೆ ಎಲ್ಲ ಸೇರಿಸಿ ಒಂದೇ ಗಂಟು ಮಾಡಿ ರೇಟು ಹೇಳುವುದರಿಂದ ಯಾವುದಕ್ಕೆ ಎಷ್ಟು ಅಂತ ಲೆಕ್ಕ ಸಿಗುವುದಿಲ್ಲ. ಪಾರ್ಸಲ್ ಕಳಿಸುತ್ತೇವೆ ಎಂದರೆ ಒಪ್ಪಲೇಬೇಡಿ. ತೋರಿಸಿದ್ದು ಒಂದು, ಮನೆಗೆ ಬರುವುದು ಇನ್ನೊಂದು ಆಗಬಹುದು. ಬಾಡಿಗೆ ಮಾತಾಡುವಾಗಲೇ “ಯಾವ ಅಂಗಡಿಗೂ ನಿಲ್ಲಿಸಬಾರದು” ಎಂದು ಖಡಾಖಂಡಿತ ಹೇಳಿಬಿಡಿ.

ಕುಲ್ಲು ಶಾಲು, ಅಂದರೆ ಮನಾಲಿ ಇರುವ ಕುಲ್ಲು ಕಣಿವೆಯ ಕೈಮಗ್ಗದ ಶಾಲು, ಪರೀಕ್ಷಿಸುವುದು ಇಳಕಲ್ ಸೀರೆ ನೋಡಿ ಗೊತ್ತಿದ್ದವರಿಗೆ ಕಷ್ಟವಲ್ಲ. ಶಾಲಿನ ಮೈ ಸಾಮಾನ್ಯವಾಗಿ ಸಾದಾ, ದಡಿಯಲ್ಲಿ ಬಣ್ಣದ ಚೌಕ, ತ್ರಿಕೋನಗಳ ಚಿತ್ತಾರ. ಕೈಮಗ್ಗದಲ್ಲಿ ಆ ಚಿತ್ತಾರದ ಒಂದೊಂದು ಬಣ್ಣದ ಹೊಕ್ಕನ್ನೂ (ಅಡ್ಡ ಎಳೆ) ನೇಕಾರರು ಬೆರಳಿನಿಂದಲೇ ಹಾಸಿನ (ಉದ್ದ) ಎಳೆಗಳ ನಡುವೆ ತೂರಿಸಿ, ಆ ಬಣ್ಣ ಮುಗಿಯುವಲ್ಲೇ ಹಿಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ದಡಿಯನ್ನು ತಿರುವಿದರೆ ಹಿಂಬದಿಯೂ ಹೆಚ್ಚುಕಡಿಮೆ ಮುಂಬದಿಯಷ್ಟೇ ಚೊಕ್ಕಟ. ಯಂತ್ರದ ಮಾಲಾದರೆ ಹಿಂಬದಿಯಲ್ಲಿ ಉದ್ದುದ್ದ ಎಳೆಗಳು ಸಡಿಲವಾಗಿ ಜೋತಾಡುತ್ತವೆ, ಇಲ್ಲವೇ ಕತ್ತರಿಸಿದ ತುದಿಗಳು ಉದುರುತ್ತವೆ. ಉಗುರಿಗೆ ಎಳೆ ಸಿಕ್ಕಿಕೊಂಡರೆ ಆ ಶಾಲು ಅಲ್ಲೇ ಬಿಡಿ.

ಎರಡನೆಯದು ಸುಡುವ ಪರೀಕ್ಷೆ. ಗೊಂಡೆಯಿಂದ ಒಂದು ಎಳೆ ಕೇಳಿ, ಅಂಗಡಿ ಹೊರಗೆ ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಎಳೆ ಕೊಡಲು ಒಪ್ಪದ ಅಂಗಡಿಯಲ್ಲಿ ವ್ಯಾಪಾರ ಬೇಡ. ಪಶ್ಮಿನಾ ಎಂದು ನಂಬಿಸಲು ಉಂಗುರದೊಳಗೆ ಶಾಲು ಎಳೆದು ತೋರಿಸುವುದಕ್ಕೆ ಮರುಳಾಗಬೇಡಿ, ತೆಳು ಕೃತಕ ನೂಲಿನ ಶಾಲೂ ಉಂಗುರ ದಾಟುತ್ತದೆ. ಐದುನೂರಕ್ಕೆ ಶುದ್ಧ ಪಶ್ಮಿನಾ ಎಲ್ಲೂ ಸಿಗುವುದಿಲ್ಲ, ಅದರ ಬೆಲೆ ಹಲವು ಸಾವಿರ. ದಿನಬಳಕೆಗೆ ಮೆರಿನೊ ಕುರಿಯ ಉಣ್ಣೆಯದೇ ಸಾಕು, ಬಾಳಿಕೆಯೂ ಹೆಚ್ಚು.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ಭುಟ್ಟಿಕೋ ಇದೆ. ಕುಲ್ಲು ಬಳಿಯ ಭುಟ್ಟಿ ಗ್ರಾಮದಲ್ಲಿ 1944ರಲ್ಲಿ ಹುಟ್ಟಿದ ನೇಕಾರರ ಸಹಕಾರಿ ಸಂಘವಿದು, ಮನಾಲಿಯಲ್ಲೂ ಮಳಿಗೆ ಇದೆ. ಇಲ್ಲಿ ಚೌಕಾಸಿ ಇಲ್ಲ. ಮೊದಲು ಇಲ್ಲಿ ನಾಲ್ಕು ಶಾಲು ಮುಟ್ಟಿ, ರೇಟು ನೋಡಿ, ಆಮೇಲೆ ಪೇಟೆಯ ಮುಖ್ಯ ಬೀದಿ ಮಾಲ್ ರೋಡ್ ಸುತ್ತಿದರೆ ಯಾರೂ ನಿಮ್ಮನ್ನು ಏಮಾರಿಸಲಾರರು. ಮಾಲ್ ರೋಡಿಗೆ ಬೆಳಿಗ್ಗೆಯೇ ಹೋಗಿ. ಸಂಜೆ ಆರರ ಮೇಲೆ ಅಲ್ಲಿ ಮಂದಿಯೋ ಮಂದಿ, ಅರಿವಿ ಬಿಚ್ಚಿ ನೋಡಲೂ ಜಾಗ ಇರುವುದಿಲ್ಲ.

ಮೈನೋವಿಗೆ ವಸಿಷ್ಠ ಎಂಬ ಊರಿನ ಬಿಸಿನೀರು. ಪೇಟೆಯಿಂದ ಸುಮಾರು 3 ಕಿ.ಮೀ., ಬಿಯಾಸ್ ಹೊಳೆಯ ಆಚೆ ದಂಡೆ. ಗುಡಿಯ ಆವರಣದಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಬಿಸಿನೀರ ಕೊಳ. ದುಡ್ಡು ಕೊಡಬೇಕಿಲ್ಲ, ಸೋಪು ಹಚ್ಚುವಂತಿಲ್ಲ. ನೀರಲ್ಲಿ ಗಂಧಕ ಇರುವುದರಿಂದ ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ, ಉಡದಾರ, ಬೆಳ್ಳಿ ಕರಡಿಗೆ ಇದ್ದವರು ಇದನ್ನು ಮೊದಲೇ ತಿಳಿದಿರಬೇಕು. ಒಮ್ಮೆಲೇ ಇಳಿಯದೆ ಮೊದಲು ಕಾಲು ಅದ್ದಿ, ಹತ್ತು ನಿಮಿಷಕ್ಕೆ ಎದ್ದುಬಿಡಿ. ಬಿಪಿ ಇರುವ ಹಿರಿಯರು ಕಾಲು ಅದ್ದಿದರೆ ಸಾಕು. ಒಣ ಟವೆಲ್, ತಲೆಗೆ ಉಣ್ಣೆ ಟೊಪ್ಪಿಗೆ ಕೈಯಲ್ಲೇ ಇರಲಿ, ಹೊರಬಂದ ಕೂಡಲೇ ಒದ್ದೆ ತಲೆಗೆ ಚಳಿ ಜೋರಾಗಿ ಹೊಡೆಯುತ್ತದೆ.

ಊಟದ ವಿಷಯದಲ್ಲಿ ಒಂದೇ ಮಾತು: ಹಬೆಯಲ್ಲಿ ಬೇಯಿಸುವ ಇಲ್ಲಿಯ ತಿಂಡಿ ಸಿಡ್ಡು ತಿನ್ನಿ. ದೊಡ್ಡ ಹೋಟೆಲುಗಳ ತುಟ್ಟಿ ಪನೀರ್ ಬಿಟ್ಟು, ಮಾಲ್ ರೋಡ್ ಪಕ್ಕದ ಮನು ಮಾರ್ಕೆಟ್ ಗಲ್ಲಿಗಳಲ್ಲಿ ಹಬೆ ಪಾತ್ರೆ ಇಟ್ಟುಕೊಂಡ ಪುಟ್ಟ ಅಂಗಡಿ ಹುಡುಕಿ. ಗೋಧಿ ಹಿಟ್ಟನ್ನು ಯೀಸ್ಟ್ ಹಾಕಿ ಉಬ್ಬಿಸಿ, ಒಳಗೆ ಅರೆದ ಅಕ್ರೋಟು, ಗಸಗಸೆ, ಕೊತ್ತಂಬರಿ, ಹಸಿಮೆಣಸು ತುಂಬಿ ಬೇಯಿಸುತ್ತಾರೆ. ಆಕಾರ ನಮ್ಮ ಕಡಬಿನದೇ, ಆದರೆ ಅಂಗೈಗಿಂತ ದೊಡ್ಡದು, ಮೈ ಸ್ಪಂಜಿನಂತೆ ಮೆತ್ತಗೆ. ಕತ್ತರಿಸಿದ ಕೂಡಲೇ ಹಬೆ ಎದ್ದು, ಮೇಲೆ ಸುರಿದ ತುಪ್ಪ ತೂತುಗಳೊಳಗೆ ಇಂಗುತ್ತದೆ. ಜೊತೆಗೆ ಹಸಿರು ಚಟ್ನಿ. ಹೊಸದಾಗಿ ಬೇಯಲು ಇಪ್ಪತ್ತು-ಇಪ್ಪತ್ತೈದು ನಿಮಿಷ ಬೇಕು, ಕಾಯಿರಿ. ಬೇಯಿಸಿಟ್ಟು ಮತ್ತೆ ಬಿಸಿ ಮಾಡಿದ್ದು ರಬ್ಬರಿನಂತಿರುತ್ತದೆ. ಒಂದು ತಿಂದರೆ ಮಧ್ಯಾಹ್ನದ ಊಟ ಮುಗಿದಂತೆ. ರಾತ್ರಿಗೆ ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಮಕ್ಕಳೂ ತಕರಾರು ಮಾಡುವುದಿಲ್ಲ.

ರೂಮು ಗೊತ್ತುಮಾಡುವಾಗ ಹೀಟರಿನ ದುಡ್ಡು ರೂಮಿನ ಬಾಡಿಗೆಯಲ್ಲೇ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಎಷ್ಟೋ ಕಡೆ ರಾತ್ರಿಗಿಷ್ಟು ಎಂದು ಬೇರೆ ಕೀಳುತ್ತಾರೆ. ಜನವರಿಯಲ್ಲಿ ನಲ್ಲಿ ಪೈಪು ಹೆಪ್ಪುಗಟ್ಟುತ್ತದೆ, ರಾತ್ರಿಯೇ ಬಕೆಟ್ ತುಂಬಿಡಿ.

ಇನ್ನು ಬಸ್ಸು. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದು ದೆಹಲಿಯ ನಿಜಾಮುದ್ದೀನ್‌ನಲ್ಲಿ ಇಳಿದವರು ಅದೇ ರಾತ್ರಿ ಖಾಸಗಿ ವೋಲ್ವೋ ಹತ್ತುವುದು ರೂಢಿ. ಟಿಕೆಟ್ಟಿನಲ್ಲಿ ಮನಾಲಿ ಎಂದಿದ್ದರೂ ಬಹಳಷ್ಟು ಖಾಸಗಿ ಬಸ್ಸು ಊರ ಹೊರಗೇ ಇಳಿಸಿಬಿಡುತ್ತವೆ. ಅಲ್ಲಿಂದ ಲಗೇಜ್ ಹೊತ್ತು ಟ್ಯಾಕ್ಸಿಗೆ ಅವರು ಕೇಳಿದಷ್ಟು ಕೊಡಬೇಕು. ಹಿಮಾಚಲ ಸರ್ಕಾರಿ ಬಸ್ಸು ಪೇಟೆಯ ನಿಲ್ದಾಣದವರೆಗೆ ಬರುತ್ತದೆ. ಯಾವ ಬಸ್ಸಾದರೂ ಹಿಂದಿನ ಮೂರು ಸಾಲು ಬೇಡ. ಮಂಡಿ ಪಟ್ಟಣ ದಾಟಿದ ಮೇಲಿನ ತಿರುವುಗಳಲ್ಲಿ ಬಸ್ಸಿನ ಹಿಂಭಾಗ ತೂಗಾಡಿ ವಾಂತಿ ತಪ್ಪದು. ವಾಂತಿಯ ಗುಳಿಗೆಯನ್ನು ಬಸ್ಸು ಹತ್ತುವ ಅರ್ಧ ತಾಸು ಮುಂಚೆಯೇ ನುಂಗಿ, ತಿರುವು ಶುರುವಾದ ಮೇಲೆ ನುಂಗಿದರೆ ಅದೂ ಹೊರಬರುತ್ತದೆ.